ಹಾಡಿದವರ ಹೆಸರೆಲ್ಲಿ?

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ 'ಹ್ಯಾಕಥಾನ್' ಎಂಬ ಪದ ಕೇಳಿಸದ ತಿಂಗಳಿಲ್ಲ. ಪದ ಕೇಳಿದ ಕೂಡಲೇ ಬ್ಯಾಂಕಿನ ಹಣ ಲಪಟಾಯಿಸುವವರ ಸಮಾವೇಶವೇನೋ ಎಂದು ಹಿರಿಯರು ಗಾಬರಿಯಾಗುವುದುಂಟು. ಹಾಗೇನಿಲ್ಲ. ಇಲ್ಲಿ 'ಹ್ಯಾಕ್' ಎಂದರೆ ಕೈಗೆ ಸಿಕ್ಕ ಸಾಮಾನಿನಿಂದ ಏನನ್ನಾದರೂ ಚಕಚಕನೆ ಕಟ್ಟಿ ನಿಲ್ಲಿಸುವುದು. ಅದಕ್ಕೆ ದೂರದ ಓಟವಾದ ಮ್ಯಾರಥಾನ್‌ನ ಬಾಲ ಅಂಟಿಕೊಂಡಿದೆ. 1999ರಲ್ಲಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ಓಪನ್‌ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶ ಕಟ್ಟುತ್ತಿದ್ದ ಹತ್ತಾರು ಜನ ಒಂದೆಡೆ ಕೂತು ಕೆಲಸ ಮಾಡಿದಾಗ ಈ ಪದ ಚಲಾವಣೆಗೆ ಬಂತು. ಅಪರಿಚಿತರು ಒಂದು ಕೋಣೆಯಲ್ಲಿ ಸೇರಿ, ಒಂದೋ ಎರಡೋ ದಿನ ನಿದ್ದೆಗೆಟ್ಟು, ಕೊನೆಗೆ ಏನನ್ನೋ ಮಾಡಿ ತೋರಿಸುತ್ತಾರೆ. ಅದೇ ಹ್ಯಾಕಥಾನ್.

ಸಂಗೀತಕ್ಕೂ ಇಂಥ ಕೂಟಗಳಿವೆ. 2009ರಲ್ಲಿ ಲಂಡನ್ನಿನಲ್ಲಿ 'ಮ್ಯೂಸಿಕ್ ಹ್ಯಾಕ್ ಡೇ' ಆರಂಭವಾಯಿತು. ಅಲ್ಲಿಂದ ಬರ್ಲಿನ್, ಬೋಸ್ಟನ್ ಎಂದು ಊರೂರು ಸುತ್ತಿತು. 2013ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 'ಹ್ಯಾಮರ್' ಎಂಬ ಕೂಟ ಶುರುಮಾಡಿದರು. ಧ್ವನಿ ಮತ್ತು ಸಂಗೀತ ಸಂಶೋಧನೆಯ ಹ್ಯಾಕಥಾನ್ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ಈ ಹೆಸರು ಬರುತ್ತದೆ. ಮಾರುವ ಸರಕನ್ನು ತಯಾರಿಸುವುದಕ್ಕಿಂತ ಹೊಸ ವಿಚಾರವೊಂದನ್ನು ಪರೀಕ್ಷಿಸಿ ನೋಡುವುದು ಅಲ್ಲಿ ಮುಖ್ಯ. ಹಾಡಿನಿಂದ ಕಂಠವನ್ನು ಬೇರ್ಪಡಿಸುವುದು, ತಾಳದ ಪೆಟ್ಟು ಎಲ್ಲಿ ಬೀಳುತ್ತದೆಂದು ಕಂಪ್ಯೂಟರಿಗೆ ಕಲಿಸುವುದು, ಒಂದೇ ಧಾಟಿಯ ಎರಡು ಹಾಡುಗಳನ್ನು ಅದೇ ಪತ್ತೆಹಚ್ಚುವಂತೆ ಮಾಡುವುದು ಈ ಸಂಶೋಧನೆಯ ಕೆಲಸಗಳು. ಇದರ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನವಾದ 'ಇಸ್ಮಿರ್' 2000ದಲ್ಲಿ ಅಮೆರಿಕದಲ್ಲಿ ಹುಟ್ಟಿ, 2022ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಹಾಗಾಗಿ ಇದು ಎಲ್ಲೋ ದೂರದ, ನಮಗೆ ಸಂಬಂಧಿಸದ ಸಂಗತಿ ಎಂದು ಯಾರೂ ಹೇಳುವಂತಿಲ್ಲ.

ನಾನು ಕತೆ ಬರೆಯುವವನು, ಕೋಡ್ ಬರೆಯುವವನಲ್ಲ. ಆದರೂ ಈ ವಿಷಯಕ್ಕೆ ತಲೆಹಾಕಲು ಕಾರಣವಿದೆ. ಹಾಡು, ಮಾತು, ದನಿ ಎಂಬವು ಇಂಜಿನಿಯರುಗಳ ಸೊತ್ತಲ್ಲ. ಅವು ಜನರ ಸೊತ್ತು. ಜನರ ಸೊತ್ತನ್ನು ಮೇಜಿನ ಮೇಲೆ ಹರಡಿಕೊಂಡು ನಾಲ್ಕು ಜನ ಏನನ್ನೋ ಕಟ್ಟುತ್ತಿರುವಾಗ, 'ಇದು ಯಾರದು, ಯಾರನ್ನು ಕೇಳಿ ತಂದಿರಿ, ಕಟ್ಟಿದ್ದನ್ನು ಯಾರಿಗೆ ಕೊಡುತ್ತೀರಿ' ಎಂದು ಕೇಳಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ.

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಯಂತ್ರದ ವಿರೋಧಿಯಲ್ಲ. ಹಾರ್ಮೋನಿಯಂನ ಚರಿತ್ರೆ ಬಲ್ಲವರು ಯಾರೂ ಹಾಗಾಗಲಾರರು. ಹತ್ತೊಂಬತ್ತನೆಯ ಶತಮಾನದ ನಡುವೆ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಆ ವಾದ್ಯವನ್ನು ಕುರ್ಚಿಯ ಮೇಲೆ ಕೂತು, ಕಾಲಿನಿಂದ ತಿದಿ ಒತ್ತಿ ನುಡಿಸಬೇಕಿತ್ತು. ನಮ್ಮವರು ನೆಲದ ಮೇಲೆ ಕೂತು ಹಾಡುವವರು. 1875ರ ಸುಮಾರಿಗೆ ಕೋಲ್ಕತ್ತಾದ ದ್ವಾರಕಾನಾಥ ಘೋಷ್ ತಿದಿಯನ್ನು ಹಿಂದಕ್ಕೆ ತಂದು ಎಡಗೈಗೆ ಒಪ್ಪಿಸಿದರು. ಅಲ್ಲಿಂದ ಅದು ಖವ್ವಾಲಿಗೆ, ಭಜನೆಗೆ, ನಮ್ಮ ಕಂಪನಿ ನಾಟಕಗಳಿಗೆ ಹೊಕ್ಕು ನಮ್ಮದೇ ಆಯಿತು. ಅದರ ಹನ್ನೆರಡು ಮನೆಗಳಲ್ಲಿ ನಮ್ಮ ಗಮಕ, ಮೀಂಡುಗಳು ಹಿಡಿಸುವುದಿಲ್ಲವೆಂದು ಆಕಾಶವಾಣಿ 1940ರಿಂದ ಮೂರು ದಶಕಗಳ ಕಾಲ ಅದನ್ನು ಬಹಿಷ್ಕರಿಸಿತ್ತು. ಜನ ಬಹಿಷ್ಕರಿಸಲಿಲ್ಲ. ಹಾಡುವವನ ಕುಳಿತ ಭಂಗಿಯನ್ನು ನೋಡಿ ಯಂತ್ರವನ್ನು ಬದಲಿಸಿದ್ದರಿಂದ ಅದು ಬದುಕಿತು. ನನ್ನ ಇಡೀ ತಕರಾರು ಇಷ್ಟೇ: ಇಂದಿನ ಕೂಟಗಳಲ್ಲಿ ಹಾಡುವವನ ಭಂಗಿಯನ್ನು ನೋಡುವವರು ಯಾರಿದ್ದಾರೆ?

ಕೂಡಿ ಕಟ್ಟುವ ಈ ಹುಮ್ಮಸ್ಸನ್ನೂ ನಾನು ಮೆಚ್ಚುತ್ತೇನೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿದರು. 'ಆಕಾಶವಾಣಿ' ಎಂಬ ಹೆಸರು ನೆಲೆನಿಂತದ್ದು ಅಲ್ಲಿಂದ. ಇಂದಿನ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಅದೂ ಒಂದು ಹ್ಯಾಕ್. ಆದರೆ ಅಲ್ಲಿ ಹಾಡುಗಾರ ಯಂತ್ರದ ಮುಂದೆ ಕೂತಿದ್ದ. ಹಾಡಿಗೆ ಮೊದಲು ಅವನ ಹೆಸರು ಹೇಳುವುದು ಬಾನುಲಿಯ ರಿವಾಜು. ಆ ರಿವಾಜು ಎಲ್ಲಿ ಮುರಿಯಿತು ಎಂಬುದೇ ಪ್ರಶ್ನೆ.

ಮೇಜಿನ ಮೇಲೆ ಯಾರ ಸಂಗೀತ?

ಎರಡು ದಿನದಲ್ಲಿ ಯಾರೂ ಹೊಸದಾಗಿ ಸಾವಿರ ಹಾಡು ಧ್ವನಿಮುದ್ರಿಸಲಾರರು. ಆದ್ದರಿಂದ ಕೂಟಕ್ಕೆ ಬರುವವರು ಮೊದಲೇ ಸಿದ್ಧವಾಗಿರುವ ಹಾಡಿನ ಕಣಜಗಳನ್ನು ಬಳಸುತ್ತಾರೆ. ಇವನ್ನು ಡೇಟಾಸೆಟ್ ಎನ್ನುತ್ತಾರೆ. ಕಣಜದಲ್ಲಿ ಇದ್ದದ್ದನ್ನೇ ಅಲ್ಲವೇ ಬೀಸಬೇಕಾದದ್ದು? ಜೋಳ ತುಂಬಿಟ್ಟು ರಾಗಿಹಿಟ್ಟು ಬರಲಿಲ್ಲ ಎಂದರೆ ಬೀಸುಕಲ್ಲಿನ ತಪ್ಪೇ?

ಈ ಕಣಜಗಳಲ್ಲಿ ಬಹಳ ಹೆಸರಾದದ್ದು 2002ರ 'ಜಿಟಿಜಾನ್'. ಅದರಲ್ಲಿ ತಲಾ 30 ಸೆಕೆಂಡಿನ 1000 ತುಣುಕುಗಳಿವೆ. ಹತ್ತು ಪ್ರಕಾರಗಳು, ಒಂದೊಂದಕ್ಕೆ ನೂರು ತುಣುಕು. ಬ್ಲೂಸ್, ಪಾಶ್ಚಾತ್ಯ ಶಾಸ್ತ್ರೀಯ, ಕಂಟ್ರಿ, ಡಿಸ್ಕೋ, ಹಿಪ್‌ಹಾಪ್, ಜಾಜ್, ಮೆಟಲ್, ಪಾಪ್, ರೆಗೆ, ರಾಕ್. ಇಷ್ಟೇ ಲೋಕ. ಇದರ ಮೇಲೆ ಪರೀಕ್ಷಿಸಿದ ಯಂತ್ರ 'ಸಂಗೀತದ ಪ್ರಕಾರಗಳನ್ನು ಗುರುತಿಸುತ್ತದೆ' ಎಂದು ನೂರರಷ್ಟು ಪ್ರಬಂಧಗಳು ಹೇಳಿಕೊಂಡವು. 2012ರಲ್ಲಿ ಬಾಬ್ ಸ್ಟರ್ಮ್ ಎಂಬ ಸಂಶೋಧಕ ಆ ಸಾವಿರ ತುಣುಕುಗಳನ್ನೂ ಕಿವಿಗೊಟ್ಟು ಪರಿಶೀಲಿಸಿದಾಗ, ಒಂದೇ ಹಾಡು ಎರಡೆರಡು ಸಲ ಬಂದಿರುವುದು, ಪ್ರಕಾರದ ಹೆಸರು ತಪ್ಪಾಗಿ ಅಂಟಿರುವುದು, ದನಿ ಕೆಟ್ಟಿರುವುದು ಎಲ್ಲ ಹೊರಬಿತ್ತು. ಹತ್ತು ವರ್ಷ ಎಲ್ಲರೂ ಲೆಕ್ಕ ಹಾಕಿದ್ದರು. ಕೂತು ಕೇಳಿದವರು ವಿರಳ.

ಇನ್ನೊಂದು ಕಣಜ ನೋಡಿ. 2017ರಲ್ಲಿ ಗೂಗಲ್ 'ಆಡಿಯೋಸೆಟ್' ಎಂಬುದನ್ನು ಹೊರತಂದಿತು. ಯೂಟ್ಯೂಬಿನಿಂದ ಆಯ್ದ, ತಲಾ 10 ಸೆಕೆಂಡಿನ 20 ಲಕ್ಷಕ್ಕೂ ಹೆಚ್ಚು ತುಣುಕುಗಳು. ಲೋಕದ ಶಬ್ದಗಳನ್ನೆಲ್ಲ ಅದು 632 ಬಗೆಗಳಾಗಿ ವಿಂಗಡಿಸುತ್ತದೆ. ನಾಯಿ ಬೊಗಳುವುದಕ್ಕೆ, ಬಾಗಿಲು ಕಿರುಗುಟ್ಟುವುದಕ್ಕೆಲ್ಲ ಅದರಲ್ಲಿ ಜಾಗವಿದೆ. ಒಳ್ಳೆಯದೇ. ಆದರೆ 'ಏಷ್ಯಾದ ಸಂಗೀತ' ಎಂಬ ಶೀರ್ಷಿಕೆಯ ಕೆಳಗೆ ಬರುವ ಹೆಸರುಗಳು ಎರಡೇ: ಕರ್ನಾಟಕ ಸಂಗೀತ ಮತ್ತು ಬಾಲಿವುಡ್ ಸಂಗೀತ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಬದುಕುವ ಖಂಡ ಹಾಡಿದ್ದು ಇಷ್ಟೆಯೇ? ಧಾರವಾಡದ ಮಣ್ಣಿನಲ್ಲಿ ಬೆಳೆದ ಹಿಂದೂಸ್ತಾನಿಗೆ ಅಲ್ಲಿ ಹೆಸರಿಲ್ಲ. ಕ್ರೈಸ್ತ ಸಂಗೀತಕ್ಕೆ ಒಂದು ಮನೆಯಿದೆ, ಇರಲಿ, ಸಂತೋಷ. ಖವ್ವಾಲಿಗಿಲ್ಲ, ವಚನಕ್ಕಿಲ್ಲ, ತತ್ವಪದಕ್ಕಿಲ್ಲ. 'ಜಾನಪದ', 'ಸಾಂಪ್ರದಾಯಿಕ' ಎಂಬ ಎರಡು ಗೋಣಿಚೀಲಗಳಿವೆ. ಹೆಸರಿಲ್ಲದವರನ್ನೆಲ್ಲ ಅದರೊಳಗೆ ತುಂಬಬಹುದು.

ಇದು ಬರೀ ಪಟ್ಟಿಯ ಲೋಪವಲ್ಲ. ಪಟ್ಟಿಯ ಹಿಂದೆ ಒಂದು ಕಿವಿ ಇದೆ. ಸಂಗೀತ ಸಂಶೋಧನೆಯ ಸಾಮಾನ್ಯ ಸಲಕರಣೆಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಸ್ವರವನ್ನು ಯಾವುದೋ ಒಂದು ಗೂಡಿಗೆ ತಳ್ಳುತ್ತವೆ. ನಮ್ಮ ಹಾಡುಗಾರ ತನ್ನ ಕಂಠಕ್ಕೆ ಒಗ್ಗುವ ಕಡೆ ಷಡ್ಜವಿಟ್ಟುಕೊಳ್ಳುತ್ತಾನೆ. ಅವನ ಷಡ್ಜ ಎಲ್ಲಿದೆ ಎಂದು ತಿಳಿಯದೆ ಮುಂದಿನ ಒಂದು ಸ್ವರದ ಅರ್ಥವೂ ಯಂತ್ರಕ್ಕೆ ಆಗುವುದಿಲ್ಲ. ಎರಡು ಸ್ವರಗಳ ನಡುವೆ ಜಾರುವ ದಾರಿಯೇ ಅವನಿಗೆ ಹಾಡು, ಯಂತ್ರಕ್ಕೆ ಅದು ಗದ್ದಲ. ಪಾಪ್ ಹಾಡಿನ ತಾಳ ಹಿಡಿಯಲು ಕಲಿತ ಯಂತ್ರ ವಿಲಂಬಿತ ಏಕತಾಲದ ಮುಂದೆ ಕಕ್ಕಾಬಿಕ್ಕಿಯಾಗುತ್ತದೆ. ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷ ಹಿಡಿಯುವ ಲೋಕವೊಂದಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಈ ದೋಷವನ್ನು ಕಂಡವರು ಆ ಕ್ಷೇತ್ರದೊಳಗೇ ಇದ್ದಾರೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಶಾವಿಯೆರ್ ಸೆರ್ರಾ 2011ರಿಂದ ಕೆಲವು ವರ್ಷ 'ಕಾಂಪ್‌ಮ್ಯೂಸಿಕ್' ಎಂಬ ಯೋಜನೆ ನಡೆಸಿದರು. ಹಿಂದೂಸ್ತಾನಿ, ಕರ್ನಾಟಕ, ತುರ್ಕಿಯ ಮಕಾಮ್, ಬೀಜಿಂಗ್ ಒಪೆರಾ, ಅರಬ್-ಆಂದಲೂಸಿ ಎಂಬ ಐದು ಪರಂಪರೆಗಳನ್ನು ಅವುಗಳದೇ ಪರಿಭಾಷೆಯಲ್ಲಿ ಅರಿಯುವುದು ಅದರ ಗುರಿ. ಐಐಟಿ ಮದ್ರಾಸಿನ ಹೇಮಾ ಮೂರ್ತಿ, ಐಐಟಿ ಬಾಂಬೆಯ ಪ್ರೀತಿ ರಾವ್ ಅವರಂಥವರು ನಮ್ಮ ಸಂಗೀತವನ್ನು ನಮ್ಮ ಸಂಗೀತವಾಗಿಯೇ ಕೇಳುವ ಸಂಶೋಧನೆಯನ್ನು ಬೆಳೆಸಿದ್ದಾರೆ. ಇವರಿಗೆ ನಾವು ಋಣಿಗಳು. ಮನಸ್ಸು ಮಾಡಿದರೆ ಕಿವಿಯನ್ನು ತಿದ್ದಬಹುದು ಎಂಬುದಕ್ಕೆ ಇವರೇ ಸಾಕ್ಷಿ.

ಆದರೆ ಈ ತಿದ್ದುಪಡಿಯೂ ಕಛೇರಿಯ ವೇದಿಕೆಯ ಬಳಿ ನಿಂತುಬಿಟ್ಟಿದೆ. ಅದರಾಚೆಗೆ ಶಿಶುನಾಳ ಷರೀಫರ, ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ ಹಿಡಿದು ಬೆಳಗಿನ ಜಾವದವರೆಗೆ ಹಾಡುವವರಿದ್ದಾರೆ. ಮೊಹರಂನಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ, ಮುಸ್ಲಿಮರು ಒಂದಾಗಿ ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಿವೆ. ಇಮಾಮ್ ಹುಸೇನರ ದುಃಖವನ್ನು ಲಿಂಗಾಯತರ ರೈತ ಹಾಡುವುದನ್ನು ಯಾವ ಗೂಡಿಗೆ ಹಾಕುತ್ತೀರಿ? ಅದು ಇಸ್ಲಾಮೀ ಸಂಗೀತವೇ, ಹಿಂದೂ ಸಂಗೀತವೇ, ಜಾನಪದವೇ? ನಮ್ಮನ್ನು ಗೂಡುಗಳಲ್ಲಿ ಬೇರ್ಪಡಿಸಲು ರಾಜಕಾರಣಿಗಳು ಸಾಕಷ್ಟು ಇದ್ದಾರೆ. ಅವರ ಕೆಲಸವನ್ನು ಇನ್ನು ಯಂತ್ರವೂ ಮಾಡಬೇಕೆ?

ಮಾತಿನ ವಿಷಯದಲ್ಲೂ ಇದೇ ಪಾಡು. 2022ರಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ 'ವಿಸ್ಪರ್' ಎಂಬ, ಮಾತನ್ನು ಬರಹಕ್ಕಿಳಿಸುವ ಯಂತ್ರ 6,80,000 ಗಂಟೆಗಳ ಧ್ವನಿ ಕೇಳಿ ಕಲಿತದ್ದು. ಅದರಲ್ಲಿ ಮೂರನೇ ಎರಡರಷ್ಟು ಇಂಗ್ಲಿಷ್. ಬರಹದೊಂದಿಗೆ ಜೋಡಿಸಿದ ಕನ್ನಡದ ಪಾಲು ಒಂದು ಪೂರ್ಣ ದಿನದಷ್ಟೂ ಇರಲಿಲ್ಲ. ಅದರ ಪಟ್ಟಿಯಲ್ಲಿ ಉರ್ದು ಇದೆ, ದಖ್ಖನಿ ಇಲ್ಲ. ಬೀದರಿನಿಂದ ಮೈಸೂರಿನವರೆಗೆ ನಮ್ಮ ಅಮ್ಮಂದಿರು ಆಡುವ 'ನಕ್ಕೋ', 'ಹೌ', 'ಕೈಕು'ಗಳು ಲಖನೌದ ಉರ್ದು ಕಲಿತ ಯಂತ್ರಕ್ಕೆ ಉಚ್ಚಾರದೋಷ. ಉರ್ದು ಶಾಲೆಯಲ್ಲಿ ನಮ್ಮ ಮೇಷ್ಟ್ರೂ ಹಾಗೆಯೇ ಹೇಳುತ್ತಿದ್ದರು. ಆದರೆ ಮೇಷ್ಟ್ರು ಮನೆಗೆ ಹೋದ ಮೇಲೆ ತಾವೂ 'ನಕ್ಕೋ' ಎನ್ನುತ್ತಿದ್ದರು. ಯಂತ್ರಕ್ಕೆ ಮನೆಯಿಲ್ಲ.

ಹೆಸರು ಹೇಳಿದ ಗೌಹರ್ ಜಾನ್

ಎರಡನೆಯ ತಕರಾರು ಹೆಸರಿನದು. 1902ರ ನವೆಂಬರಿನಲ್ಲಿ ಕೋಲ್ಕತ್ತಾದ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಯ ಕೊಂಬಿನೊಳಗೆ ಹಾಡಿದರು. ಭಾರತದ ಅತ್ಯಂತ ಮೊದಲಿನ ಧ್ವನಿಮುದ್ರಿಕೆಗಳಲ್ಲಿ ಅವು ಸೇರುತ್ತವೆ. ಹಾಡು ಮುಗಿದ ಕೂಡಲೇ ಅವರು 'ನನ್ನ ಹೆಸರು ಗೌಹರ್ ಜಾನ್' ಎಂದು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಜಂಬಕ್ಕಲ್ಲ. ತಟ್ಟೆಗಳನ್ನು ಅಚ್ಚುಹಾಕಲು ಜರ್ಮನಿಯ ಹ್ಯಾನೋವರಿಗೆ ಕಳಿಸಬೇಕಿತ್ತು, ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಆ ಗೌಹರ್ ಜಾನ್ ಬದುಕಿನ ಸಂಜೆಯಲ್ಲಿ ನಮ್ಮ ಮೈಸೂರಿಗೇ ಬಂದು, ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಇಲ್ಲೇ ಕಣ್ಣುಮುಚ್ಚಿದರು.

ಮೂರು ಚಿಲ್ಲರೆ ನಿಮಿಷದ ತಟ್ಟೆಯಲ್ಲೂ ಹೆಸರಿಗೆ ಜಾಗ ಇತ್ತು. ಅಲ್ಲಿಂದ ನೂರು ವರ್ಷ ಮುಂದೆ ಬಂದು ಜಿಟಿಜಾನ್ ನೋಡಿ. ಸಾವಿರ ತುಣುಕುಗಳನ್ನು ಸಿ.ಡಿ.ಗಳಿಂದ, ರೇಡಿಯೋದಿಂದ ಸಂಗ್ರಹಿಸಿದಾಗ ಹಾಡಿದವರು ಯಾರು ಎಂಬುದನ್ನು ಅದರ ಜೊತೆ ಕೊಡಲೇ ಇಲ್ಲ. ತುಣುಕಿಗೆ ಪ್ರಕಾರದ ಹೆಸರು ಮತ್ತು ಒಂದು ಸಂಖ್ಯೆ, ಅಷ್ಟೇ. ಹತ್ತು ವರ್ಷದ ಮೇಲೆ ಸ್ಟರ್ಮ್ ಒಂದೊಂದಾಗಿ ಹಾಡುಗಾರರನ್ನು ಪತ್ತೆಹಚ್ಚಬೇಕಾಯಿತು. ಖೈದಿಗಳಿಗೆ ನಂಬರು ಕೊಡುವುದನ್ನು ಕೇಳಿದ್ದೇವೆ. ಹಾಡುಗಾರರಿಗೆ ನಂಬರು ಕೊಡುವ ಕಾಲ ಇದು.

'ಜನಪದ ಹಾಡಿಗೆ ಕರ್ತೃ ಎಲ್ಲಿ ಸ್ವಾಮಿ, ಅದು ಎಲ್ಲರದು' ಎನ್ನುವ ಪಂಡಿತರಿದ್ದಾರೆ. ಹಾಡು ಎಲ್ಲರದಿರಬಹುದು, ಹಾಡಿದ ಕಂಠ ಎಲ್ಲರದಲ್ಲ. ಇದನ್ನು ನಾನು ಹೇಳುತ್ತಿಲ್ಲ, ಭಾರತದ ಕಾನೂನೇ ಹೇಳುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿ ಪ್ರದರ್ಶಕನ ಹಕ್ಕನ್ನು ಒಪ್ಪಿಕೊಂಡಿತು. ಪ್ರದರ್ಶಕ ಎಂದರೆ ಯಾರು ಎಂದು ಕಾಯಿದೆ ಪಟ್ಟಿ ಮಾಡುವಾಗ ನಟ, ಗಾಯಕರ ಜೊತೆಗೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಹೆಸರಿಸುತ್ತದೆ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ಪ್ರದರ್ಶನಕ್ಕೆ ತನ್ನ ಹೆಸರನ್ನು ಜೋಡಿಸಿಕೊಳ್ಳುವ, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ನೈತಿಕ ಹಕ್ಕನ್ನು ಅವನಿಗೆ ಕೊಟ್ಟಿತು. ಬಳಕೆಯ ರೀತಿಯಿಂದಾಗಿ ಹೆಸರು ಬಿಡಬೇಕಾಗಿ ಬಂದರೆ ಮಾತ್ರ ವಿನಾಯಿತಿ. ಜಾಹೀರಾತಿನ ಐದು ಸೆಕೆಂಡಿನಲ್ಲಿ ಹೆಸರಿಗೆ ಜಾಗವಿಲ್ಲ ಎನ್ನಬಹುದು. ಕಂಪ್ಯೂಟರಿನ ಕಡತದಲ್ಲಿ ಒಂದು ಹೆಸರಿಗೆ ಜಾಗವಿಲ್ಲ ಎಂದರೆ ನಂಬುವವರು ಯಾರು? ಹಾವಾಡಿಗನಿಗೂ ಸಂಸತ್ತು ಕೊಟ್ಟ ಮರ್ಯಾದೆಯನ್ನು ತತ್ವಪದದ ಹಾಡುಗಾರ್ತಿಗೆ ಕೊಡಲು ನಮ್ಮ ವಿದ್ಯಾವಂತರಿಗೆ ಏನು ಅಡ್ಡಿ?

ಒಲೆ ಯಾರದು?

ಮೂರನೆಯದು ಒಡೆತನದ ಪ್ರಶ್ನೆ. ಆರಂಭದ ಮ್ಯೂಸಿಕ್ ಹ್ಯಾಕ್ ಡೇಗಳಲ್ಲಿ ಕಂಪನಿಗಳು ತಮ್ಮ ಉಗ್ರಾಣದ ಬಾಗಿಲು ತೆರೆದಿಟ್ಟು 'ಬನ್ನಿ, ಬೇಕಾದ್ದು ಬೇಯಿಸಿಕೊಳ್ಳಿ' ಎನ್ನುತ್ತಿದ್ದವು. 'ಎಕೋ ನೆಸ್ಟ್' ಎಂಬ ಕಂಪನಿ ಹಾಡಿನ ಲಯ, ಸ್ವರ, ಗತ್ತುಗಳ ವಿಶ್ಲೇಷಣೆಯನ್ನು ಪುಕ್ಕಟೆಯಾಗಿ ಹಂಚುತ್ತಿತ್ತು. ಅದನ್ನು ನೆಚ್ಚಿ ಹುಡುಗರು ನೂರಾರು ಹೊಸ ಆಟಿಕೆಗಳನ್ನು, ಸಲಕರಣೆಗಳನ್ನು ಮಾಡಿದರು. 2014ರಲ್ಲಿ ಸ್ಪಾಟಿಫೈ ಆ ಕಂಪನಿಯನ್ನು ಕೊಂಡಿತು. 2016ರಲ್ಲಿ ಆ ಬಾಗಿಲು ಮುಚ್ಚಿತು. ಅದನ್ನೇ ನಂಬಿ ಕಟ್ಟಿದ್ದೆಲ್ಲ ಅಲ್ಲಿಗೆ ನಿಂತಿತು. ಅದೇ ಬಗೆಯ ವಿಶ್ಲೇಷಣೆಯನ್ನು ಸ್ಪಾಟಿಫೈ ತನ್ನ ಕಿಟಕಿಯಿಂದ ಕೊಡತೊಡಗಿತು. 2024ರ ನವೆಂಬರಿನಲ್ಲಿ ಹೊಸಬರ ಪಾಲಿಗೆ ಆ ಕಿಟಕಿಯೂ ಮುಚ್ಚಿತು. ಕಂಪನಿಯವರ ಆಸ್ತಿ, ಅವರ ಇಷ್ಟ ಎನ್ನಬಹುದು. ಒಪ್ಪೋಣ. ಹಾಗಿದ್ದರೆ ಅದನ್ನು 'ಸಮುದಾಯದ ಕೂಟ' ಎಂದು ಕರೆಯುವುದು ಬೇಡ. ಸಾಹುಕಾರನ ಒಲೆಯ ಮೇಲೆ ಬಡವರು ರೊಟ್ಟಿ ಸುಟ್ಟುಕೊಂಡರೆ ಅದು ದಾಸೋಹ ಆಗುವುದಿಲ್ಲ.

ಬೇರೆ ದಾರಿಯೂ ಇದೆ. ಅದೇ ಬಾರ್ಸಿಲೋನಾದ ವಿಶ್ವವಿದ್ಯಾಲಯ 2005ರಲ್ಲಿ ಆರಂಭಿಸಿದ 'ಫ್ರೀಸೌಂಡ್' ಇಂದಿಗೂ ನಡೆಯುತ್ತಿದೆ. ಜನ ತಾವು ಧ್ವನಿಮುದ್ರಿಸಿದ ಮಳೆ, ಸಂತೆ, ಗಂಟೆ, ವಾದ್ಯಗಳ ಸದ್ದನ್ನು ಅಲ್ಲಿಡುತ್ತಾರೆ. ಪ್ರತಿ ಸದ್ದಿನ ಪಕ್ಕದಲ್ಲಿ ಕೊಟ್ಟವರ ಹೆಸರು, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂಬ ವಿವರ ಇರುತ್ತದೆ. ಇಪ್ಪತ್ತು ವರ್ಷ ದಾಟಿದರೂ ಅದು ಮುಳುಗಿಲ್ಲ. ಅಂದಮೇಲೆ ಹೆಸರು, ಷರತ್ತುಗಳನ್ನು ಇಟ್ಟುಕೊಂಡರೆ ಸಂಶೋಧನೆ ನಿಂತುಹೋಗುತ್ತದೆ ಎಂಬ ಮಾತು ಸುಳ್ಳು.

ಈಗಂತೂ ಪಣ ದೊಡ್ಡದಾಗಿದೆ. ಹಾಡನ್ನು ಗುರುತಿಸುವ ಯಂತ್ರ ಹಿಂದಾಯಿತು, ಹಾಡನ್ನೇ ಹೊಸೆಯುವ ಯಂತ್ರಗಳು ಬಂದಿವೆ. 2024ರ ಜೂನ್‌ನಲ್ಲಿ ಜಗತ್ತಿನ ದೊಡ್ಡ ರೆಕಾರ್ಡ್ ಕಂಪನಿಗಳು 'ಸುನೋ', 'ಯೂಡಿಯೋ' ಎಂಬ ಎರಡು ಕಂಪನಿಗಳ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವು. ನಮ್ಮ ಹಾಡುಗಳನ್ನು ಕೇಳದೆ ತಿನ್ನಿಸಿ ಯಂತ್ರ ಬೆಳೆಸಿದ್ದೀರಿ ಎಂಬುದು ಆರೋಪ. 2025ರಲ್ಲಿ ಅವುಗಳಲ್ಲಿ ಕೆಲವು ರಾಜಿಯಾದವು. ದೊಡ್ಡವರು ದೊಡ್ಡವರ ಜೊತೆ ಮಾತಾಡಿಕೊಂಡರು. ನಾಳೆ ಯಾವುದೋ ಯಂತ್ರ ರಿವಾಯತ್ ಪದದ ಧಾಟಿಯಲ್ಲಿ ಸಾಬೂನಿನ ಜಾಹೀರಾತು ಹಾಡಿದರೆ, ಕಲಬುರಗಿ ಕಡೆಯ ಹಾಡುಗಾರ ಯಾವ ವಕೀಲನ ಬಾಗಿಲು ತಟ್ಟಬೇಕು?

ಅವರು ಹೇಳುವುದೇನು?

ಇದನ್ನೆಲ್ಲ ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗನ ಮುಂದೆ ಹೇಳಿದಾಗ ಅವನು ನಕ್ಕ. "ಮಾಮೂ, ಎರಡು ದಿನದ ಆಟಕ್ಕೆ ಇಷ್ಟೊಂದು ಕೋರ್ಟು ಕಚೇರಿ ಯಾಕೆ? ಹುಡುಗರು ಸೇರ್ತಾರೆ, ಏನೋ ಮಾಡ್ತಾರೆ, ಸೋಮವಾರ ಎಲ್ಲರೂ ಮರೀತಾರೆ" ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಆದರೆ ಆ ಸತ್ಯ ನನ್ನ ಪರವಾಗಿಯೇ ಇದೆ. ಹುಡುಗರು ಮರೆಯುತ್ತಾರೆ, ಕಡತ ಮರೆಯುವುದಿಲ್ಲ. ಎರಡು ದಿನದ ಕೂಟಕ್ಕೆಂದು ಒಟ್ಟು ಮಾಡಿದ ಧ್ವನಿಗಳು ಒಮ್ಮೆ ಸಾರ್ವಜನಿಕವಾದರೆ ಒಂದು ಕಂಪ್ಯೂಟರಿನಿಂದ ಹತ್ತಕ್ಕೆ, ಹತ್ತರಿಂದ ಸಾವಿರಕ್ಕೆ ಹೋಗುತ್ತವೆ. ಜಿಟಿಜಾನ್ ಕೂಡ ಮೊದಲು ಒಬ್ಬ ವಿದ್ಯಾರ್ಥಿಯ ಸಂಶೋಧನೆಗೆಂದು ಕೂಡಿಸಿದ್ದೇ ಆಗಿತ್ತು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. 'ಕನ್ನಡದ ಧ್ವನಿ ಕಂಪ್ಯೂಟರಿನಲ್ಲಿ ಇಲ್ಲವೆಂದು ನೀವೇ ಗೋಳಾಡುತ್ತೀರಿ. ಕೊಡಿ ಎಂದರೆ ಹಕ್ಕು, ಒಪ್ಪಿಗೆ ಎನ್ನುತ್ತೀರಿ. ಹೀಗಾದರೆ ನಿಮ್ಮ ಭಾಷೆ ಹಿಂದೆಯೇ ಉಳಿಯುತ್ತದೆ.' ಈ ಮಾತಿಗೆ ಉತ್ತರಿಸಲೇಬೇಕು. ನಾವು ಕೊಡುವುದಿಲ್ಲ ಎನ್ನುತ್ತಿಲ್ಲ. ಕೇಳಿ ಪಡೆಯಿರಿ ಎನ್ನುತ್ತಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ 2022ರಲ್ಲಿ ಪ್ರಕಟಿಸಿದ 'ವಾಣಿ' ಯೋಜನೆ, ಭಾಷೆಯ ಹೆಸರಿಗೆ ಜೋತುಬೀಳದೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ಅಲ್ಲಿಯ ಜನ ಆಡುವ ಮಾತನ್ನೇ ಧ್ವನಿಮುದ್ರಿಸಲು ಹೊರಟಿತು. ಜನರ ಬಳಿಗೆ ಹೋಗಬಹುದು ಎಂಬುದಕ್ಕೆ ಅದು ಪುರಾವೆ. ಮಾತಿಗೆ ಹೋಗಬಹುದಾದರೆ ಹಾಡಿಗೆ ಏಕೆ ಹೋಗಬಾರದು? ಹಿಂದೆ ಉಳಿಯುವ ಭಯ ತೋರಿಸಿ ಬಡವನ ಕೈಯಿಂದ ಸಹಿ ಹಾಕಿಸಿಕೊಳ್ಳುವುದು ಹಳೆಯ ಸಾಹುಕಾರಿ ವಿದ್ಯೆ. ಜಮೀನಿನ ವಿಷಯದಲ್ಲಿ ಅದರ ಫಲ ಏನಾಯಿತೆಂದು ನಮ್ಮ ಹಳ್ಳಿಗಳಿಗೆ ಗೊತ್ತು.

ಉರ್ದುವಿನಲ್ಲಿ 'ಅಮಾನತ್' ಎಂಬ ಪದವಿದೆ. ನಂಬಿ ನಿಮ್ಮ ಕೈಯಲ್ಲಿ ಇಟ್ಟ ಒಡವೆ ಅದು. ಇಟ್ಟವರು ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸಬೇಕು. ಅದೇ ಪದ ಕನ್ನಡದ ಕಚೇರಿಗೆ ಬಂದು 'ಅಮಾನತು' ಆದಾಗ ನೌಕರನನ್ನು ಕೆಲಸದಿಂದ ಹೊರಗಿಡುವುದು ಎಂಬ ಅರ್ಥ ಪಡೆಯಿತು. ಎರಡೂ ಭಾಷೆಯಲ್ಲಿ ಓದಿದ ನನಗೆ ಈ ಧ್ವನಿ ಸಂಗ್ರಹಗಳನ್ನು ನೋಡಿದಾಗ ಎರಡೂ ಅರ್ಥ ಒಟ್ಟಿಗೆ ನೆನಪಾಗುತ್ತವೆ. ಜನ ತಮ್ಮ ಕಂಠವನ್ನು ಅಮಾನತ್ ಎಂದು ಕೊಡುತ್ತಾರೆ. ಪಡೆದವರು ಆ ಜನರನ್ನೇ ಅಮಾನತಿನಲ್ಲಿಡುತ್ತಾರೆ.

ನಮ್ಮ ಕಡೆಯ ಲೋಪವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಶಿಗ್ಗಾವಿಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಧಾರವಾಡ ಆಕಾಶವಾಣಿ 1950ರಿಂದ ಹಾಡಿಸುತ್ತ ಬಂದಿದೆ. ಊರೂರಿನ ಸಂಗ್ರಾಹಕರ ಮನೆಗಳಲ್ಲಿ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿವೆ. ಕೊಡದೆ ಕೂಡಿಟ್ಟುಕೊಳ್ಳುವುದೂ ಹಾಡುಗಾರನಿಗೆ ಮಾಡುವ ದ್ರೋಹವೇ. ಇನ್ನು ನಮ್ಮ ಸಮುದಾಯದೊಳಗೆ ರಿವಾಯತ್ ಹಾಡುವುದು ಸರಿಯೋ ತಪ್ಪೋ ಎಂದು ಒಂದು ತಲೆಮಾರು ವಾದಿಸುತ್ತಲೇ ಇದೆ. ವಾದ ನಡೆಯಲಿ. ಅಷ್ಟರೊಳಗೆ ಹಾಡುಗಾರರು ಒಬ್ಬೊಬ್ಬರಾಗಿ ಮಣ್ಣಿಗೆ ಹೋಗುತ್ತಿದ್ದಾರೆ. ವಾದ ಗೆದ್ದವರಿಗೆ ಕೊನೆಗೆ ಉಳಿಯುವುದು ಮೌನ.

ಏನು ಮಾಡಬೇಕು?

ಟೀಕೆ ಸುಲಭ, ಆದ್ದರಿಂದ ನನ್ನ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ಕರ್ನಾಟಕದಲ್ಲಿ ಸಂಗೀತದ ಹ್ಯಾಕಥಾನ್ ನಡೆಯಲಿ. ವಿಮಾನ ನಿಲ್ದಾಣದ ಬಳಿಯ ಗಾಜಿನ ಕಟ್ಟಡದಲ್ಲಿ ಅಲ್ಲ, ಗೊಟಗೋಡಿಯಂಥ ಕಡೆ ನಡೆಯಲಿ. ಪ್ರತಿ ತಂಡದಲ್ಲಿ ಇಬ್ಬರು ಕೋಡ್ ಬರೆಯುವವರಿದ್ದರೆ ಒಬ್ಬ ಹಾಡುಗಾರ ಕಡ್ಡಾಯವಾಗಿ ಇರಲಿ. ಉದ್ಘಾಟನೆಯ ಪ್ರಾರ್ಥನೆ ಹಾಡಿ ಶಾಲು ಹೊದಿಸಿಕೊಂಡು ಹೋಗಲು ಅಲ್ಲ, ತಂಡದ ಸದಸ್ಯನಾಗಿ, ದಿನಗೂಲಿ ನಷ್ಟವಾಗದಂತೆ ಸಂಭಾವನೆ ಪಡೆದು. ಯಾವ ಸಮಸ್ಯೆ ಬಿಡಿಸಬೇಕೆಂದು ಅವನನ್ನೇ ಕೇಳಿ. ಇಂಜಿನಿಯರಿಗೆ ರಾಗ ಗುರುತಿಸುವ ಯಂತ್ರ ಬೇಕೆನಿಸಬಹುದು. ಹಾಡುಗಾರನಿಗೆ ಬೇಕಾದದ್ದು, ತೀರಿಕೊಂಡ ತನ್ನ ಗುರುವಿನ ಹರಿದ ಕ್ಯಾಸೆಟ್ಟಿನಿಂದ ಗಾಳಿಸದ್ದು ತೆಗೆದು ಪದ ಕೇಳಿಸುವ ಉಪಾಯ ಇರಬಹುದು. ಎರಡನೆಯದು ಸಣ್ಣ ಕೆಲಸವೆಂದು ಯಾರು ಹೇಳಿದರು?

ಒಪ್ಪಿಗೆಯ ಕಾಗದ ಅವನ ಭಾಷೆಯಲ್ಲಿರಲಿ, ಓದು ಬಾರದಿದ್ದರೆ ಓದಿ ಹೇಳಿ, ಅವನ ದನಿಯಲ್ಲೇ ಒಪ್ಪಿಗೆ ಧ್ವನಿಮುದ್ರಿಸಿ. ನಾಳೆ ಬೇಡ ಎಂದರೆ ತೆಗೆಯುವ ದಾರಿ ಇರಲಿ. ಹಾಡು ಹೊಸೆಯುವ ಯಂತ್ರಕ್ಕೆ ತಿನ್ನಿಸಬಹುದೇ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳಿ, ಬೇರೆಲ್ಲ ಷರತ್ತಿನ ಮಧ್ಯೆ ನುಸುಳಿಸಬೇಡಿ. ಕಡತದಲ್ಲಿ ಹಾಡಿದವರ ಹೆಸರು, ಊರು, ಕಲಿಸಿದ ಗುರುವಿನ ಹೆಸರು ಅವರು ಬಯಸಿದಂತೆ ಇರಲಿ. ಸಂಗ್ರಹ ಕಂಪನಿಯ ಉಗ್ರಾಣದಲ್ಲಿರದೆ ಸಾರ್ವಜನಿಕ ಸಂಸ್ಥೆಯ ಬಳಿ ಇರಲಿ. ಎರಡು ದಿನ ಮುಗಿದ ಮೇಲೆ ಒಂದು ವರ್ಷದೊಳಗೆ, ಅಲ್ಲಿ ಕಟ್ಟಿದ್ದರಲ್ಲಿ ಒಂದಾದರೂ ಹಾಡುಗಾರನ ಫೋನಿನಲ್ಲಿ ಕೆಲಸ ಮಾಡುವ ಸ್ಥಿತಿಗೆ ಬರಲಿ. ಬಹುಮಾನವನ್ನು ಎರಡನೆಯ ದಿನದ ಸಂಜೆ ಕೊಡದೆ ಆ ವರ್ಷದ ಕೊನೆಗೆ ಕೊಡಿ. ಆಗ ಯಾರು ಓಡಿದರು, ಯಾರು ಬರೀ ಓಟದ ಬಟ್ಟೆ ತೊಟ್ಟಿದ್ದರು ಎಂದು ತಿಳಿಯುತ್ತದೆ.

ಇದರಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ, ಹೊಸ ಕಾನೂನೂ ಬೇಡ. ಬೇಕಾದದ್ದು ಹಾಡುವವರನ್ನು ಕಚ್ಚಾ ಮಾಲು ಎಂದು ನೋಡದ ಕಣ್ಣು. ಯಂತ್ರ ಕಲಿಯುವುದು ನಾವು ಕಲಿಸಿದ್ದನ್ನೇ. ಹೆಸರ ಹಂಗಿಲ್ಲದೆ ದೋಚುವುದನ್ನು ಕಲಿಸಿದರೆ ಅದನ್ನೇ ಕಲಿಯುತ್ತದೆ, ಉಸ್ತಾದರ ಹೆಸರು ಬಂದಾಗ ಕಿವಿ ಮುಟ್ಟಿಕೊಳ್ಳುವ ನಮ್ಮ ಸಂಗೀತಗಾರರ ಅದಬನ್ನು ಕಲಿಸಿದರೆ ಅದನ್ನೂ ಕಲಿತೀತು. ಕಲಿಸುವ ಸರದಿ ಈಗ ನಮ್ಮದು. ನಮ್ಮ ಹುಡುಗರೇ ಆ ಕೋಣೆಗಳಲ್ಲಿ ಕೂತಿದ್ದಾರೆ. ಮುಂದಿನ ಸಲ ಅವರು ಕೂಟಕ್ಕೆ ಹೊರಟಾಗ ನಾವು ಕೇಳಬೇಕಾದದ್ದು ಬಹುಮಾನ ಎಷ್ಟು ಎಂದಲ್ಲ, ಹಾಡಿದವರು ಯಾರು ಎಂದು.